ಎರಡನೆಯ ಹಡಗಿನ ಹೆಸರು

ಈ ಪ್ರಯಾಣ ಶುರುವಾಗಿದ್ದು ನನ್ನ ಭಾವನಿಂದ. ಅವರು ಕಾರವಾರದವರು, ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದವರು. ಅದರಲ್ಲಿ ನಾಲ್ಕು ವರ್ಷ ವಿಮಾನವಾಹಕ ಹಡಗು ಐಎನ್‌ಎಸ್ ವಿರಾಟ್‌ನ ಬಾಯ್ಲರ್ ರೂಮಿನಲ್ಲಿ ಬೆವರು ಸುರಿಸಿದ್ದಾರೆ. 2020ರಲ್ಲಿ ವಿರಾಟ್ ಅನ್ನು ಒಡೆಯೋಕೆ ಗುಜರಾತಿನ ಅಲಂಗ್‌ಗೆ ಎಳೆದುಕೊಂಡು ಹೋದರಲ್ಲ, ಅದನ್ನು ಟೀವಿಯಲ್ಲಿ ನೋಡಿ ಅರ್ಧ ಊಟಕ್ಕೇ ಕೈ ತೊಳೆದರು. ಆ ರಾತ್ರಿ ಜಗಲಿ ಮೇಲೆ ಕೂತು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು. "ವಿರಾಟ್ ನಮಗೆ ಬರೋ ಮುಂಚೆ ಬ್ರಿಟಿಷರ ಹರ್ಮಿಸ್ ಆಗಿತ್ತು. ಅದಕ್ಕೂ ಮುಂಚೆ ಇನ್ನೊಂದು ಹರ್ಮಿಸ್ ಇತ್ತು. ಅದು ಸಿಲೋನ್ ಹತ್ತಿರ ಮುಳುಗಿದೆ. ಒಂದು ಸಲ ಆ ಜಾಗ ನೋಡ್ಬೇಕು."

ಹಳೆಯ ಹರ್ಮಿಸ್ ಬಗ್ಗೆ ಓದುತ್ತಾ ಹೋದೆ. ಅದೂ ವಿಮಾನವಾಹಕವೇ, 1942ರ ಏಪ್ರಿಲ್ 9ರಂದು ಜಪಾನೀಯರು ಮುಳುಗಿಸಿದ್ದು. ಹೋದಲ್ಲೆಲ್ಲ ಅದರ ಪಕ್ಕದಲ್ಲಿ ಇನ್ನೊಂದು ಹೆಸರು ಬರುತ್ತಿತ್ತು. ಆಸ್ಟ್ರೇಲಿಯಾದ ಡೆಸ್ಟ್ರಾಯರ್ ವ್ಯಾಂಪೈರ್. ಡೆಸ್ಟ್ರಾಯರ್ ಅಂದರೆ ದೊಡ್ಡ ಹಡಗುಗಳ ಕಾವಲಿಗೆ ಓಡುವ ಸಣ್ಣ ಯುದ್ಧನೌಕೆ. ಅದೇ ದಿನ, ಅದೇ ಕಡಲಲ್ಲಿ, ಹರ್ಮಿಸ್ ಮುಳುಗಿದ ಸ್ವಲ್ಪ ಹೊತ್ತಿಗೆ ಮುಳುಗಿದ ಹಡಗು. ಎಲ್ಲರೂ ಒಂದು ಸಾಲಿನಲ್ಲಿ ಅದನ್ನು ಹೇಳಿ ಮುಂದೆ ಹೋಗುತ್ತಾರೆ. ನನಗೆ ಹಾಗೆ ಹೋಗೋಕೆ ಆಗಲಿಲ್ಲ.

ಏಪ್ರಿಲ್ 5, ಕೊಲಂಬೊ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ. ಊರಿಗೆ ಹೋಗೋ ರಾತ್ರಿ ಬಸ್ಸಿಗಿಂತ ಎಷ್ಟೋ ಬೇಗ. ಸಂಜೆ ನಾಲ್ಕಕ್ಕೆ ಗಾಲ್ ಫೇಸ್ ಮೈದಾನದಲ್ಲಿದ್ದೆವು. ಗಾಳಿಪಟ ಹಾರಿಸುವ ಮಕ್ಕಳು, ಗಾಜಿನ ಪೆಟ್ಟಿಗೆಯಲ್ಲಿ ಇಸ್ಸೊ ವಡೆ ಇಟ್ಟುಕೊಂಡ ಗಾಡಿಗಳು. ಇಸ್ಸೊ ಅಂದರೆ ಸಿಗಡಿ. ಬೇಳೆ ವಡೆಯ ಮೇಲೆ ಇಡೀ ಸಿಗಡಿಯನ್ನು ಒತ್ತಿ ಕರಿದಿರುತ್ತಾರೆ. ಭಾವ ನಾಲ್ಕು ತಿಂದರು.

ತಾರೀಖನ್ನು ನಾವು ಬೇಕಂತಲೇ ಹೊಂದಿಸಿಕೊಂಡಿದ್ದೆವು. 1942ರ ಏಪ್ರಿಲ್ 5 ಈಸ್ಟರ್ ಭಾನುವಾರ. ಅವತ್ತು ಬೆಳಿಗ್ಗೆ ಜಪಾನಿನ ನೂರಕ್ಕೂ ಹೆಚ್ಚು ವಿಮಾನಗಳು ಈ ಊರಿನ ಮೇಲೆ ಬಂದವು. ಅಡ್ಮಿರಲ್ ನಗುಮೊ ಐದು ವಿಮಾನವಾಹಕಗಳನ್ನು ತಂದಿದ್ದ. ನಾಲ್ಕು ತಿಂಗಳ ಹಿಂದೆ ಪರ್ಲ್ ಹಾರ್ಬರ್ ಸುಟ್ಟ ದಂಡೇ ಇದು. ಹಿಂದಿನ ದಿನ ಕೊಗ್ಗಲದ ಕೆರೆಯಿಂದ, ನೀರಿನ ಮೇಲಿಂದ ಏಳುವ ವಿಮಾನದಲ್ಲಿ ಹಾರಿದ ಕೆನಡಾದ ಬರ್ಚಾಲ್ ಎಂಬ ಪೈಲಟ್ ಆ ದಂಡನ್ನು ನಡುಕಡಲಲ್ಲಿ ಕಂಡು ವೈರ್‌ಲೆಸ್‌ನಲ್ಲಿ ತಿಳಿಸಿದ. ಅಷ್ಟರಲ್ಲಿ ಅವನ ವಿಮಾನವನ್ನೇ ಹೊಡೆದು ಬೀಳಿಸಿದರು. ಆದರೂ ಸುದ್ದಿ ತಲುಪಿತ್ತು, ಬಂದರಿನ ಬಹುಪಾಲು ಹಡಗುಗಳು ಹೊರಗೆ ಹೋಗಿದ್ದವು. ರಿಪೇರಿಯಲ್ಲಿದ್ದ ಡೆಸ್ಟ್ರಾಯರ್ ಟೆನೆಡೋಸ್ ಹೋಗೋಕೆ ಆಗಲಿಲ್ಲ. ಬಂದರಿನೊಳಗೇ ಮುಳುಗಿತು.

ಈ ಟೆನೆಡೋಸ್‌ಗೂ ನಮ್ಮ ವ್ಯಾಂಪೈರ್‌ಗೂ ಒಂದು ನಂಟು ಇದೆ. 1941ರ ಡಿಸೆಂಬರ್‌ನಲ್ಲಿ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎಂಬ ಎರಡು ಭಾರೀ ಯುದ್ಧನೌಕೆಗಳು ಸಿಂಗಾಪುರದಿಂದ ಹೊರಟಾಗ ಕಾವಲಿಗೆ ನಾಲ್ಕು ಡೆಸ್ಟ್ರಾಯರ್‌ಗಳಿದ್ದವು. ಎಲೆಕ್ಟ್ರಾ, ಎಕ್ಸ್‌ಪ್ರೆಸ್, ಟೆನೆಡೋಸ್, ವ್ಯಾಂಪೈರ್. ದೊಡ್ಡವೆರಡೂ ಡಿಸೆಂಬರ್ 10ರಂದು ಹೋದವು. ಎಲೆಕ್ಟ್ರಾ ಫೆಬ್ರುವರಿಯಲ್ಲಿ ಜಾವಾ ಕಡಲಲ್ಲಿ ಹೋಯಿತು. ಟೆನೆಡೋಸ್ ಇಲ್ಲಿ. ನಾಲ್ಕು ದಿನ ಬಿಟ್ಟು ವ್ಯಾಂಪೈರ್. ಹೊರಟ ಆರರಲ್ಲಿ ಉಳಿದದ್ದು ಎಕ್ಸ್‌ಪ್ರೆಸ್ ಒಂದೇ.

ಸಂಜೆ ಹೊತ್ತಿಗೆ ಹಳೆಯ ರೇಸ್ ಕೋರ್ಸ್ ಕಡೆ ಹೋದೆವು. ಯುದ್ಧದ ಕಾಲದಲ್ಲಿ ಅದನ್ನೇ ವಿಮಾನ ಇಳಿಸೋ ಮೈದಾನ ಮಾಡಿಕೊಂಡಿದ್ದರು. ಈಗ ಅಲ್ಲಿ ಅಂಗಡಿಗಳು, ಐಸ್‌ಕ್ರೀಂ. ಭಾವ ಕುದುರೆ ಓಡುತ್ತಿದ್ದ ಬಯಲಿನ ಉದ್ದವನ್ನು ಹೆಜ್ಜೆ ಹಾಕಿ ಅಳೆದು, "ಆ ಕಾಲದ ಫೈಟರ್‌ಗೆ ಸಾಕು" ಅಂದರು.

ಏಪ್ರಿಲ್ 6, ಬಸ್ಸಿನಲ್ಲಿ

ಕೊಲಂಬೊದಿಂದ ತಿರುಕೋಣಮಲೆಗೆ ಇಡೀ ದಿನದ ದಾರಿ. ಬ್ರಿಟಿಷರು ಅದನ್ನು ಟ್ರಿಂಕೊಮಲಿ ಅಂದರು. ಹೊಸ ವರ್ಷ ಹತ್ತಿರ ಇತ್ತು. ಸಿಂಹಳರಿಗೂ ತಮಿಳರಿಗೂ ಏಪ್ರಿಲ್ ನಡುವೆಯೇ ವರ್ಷ ಶುರು. ಬಸ್ಸಿನ ತುಂಬ ಊರಿಗೆ ಹೋಗೋ ಜನ, ಬಟ್ಟೆಯ ಗಂಟುಗಳು, ಒಂದು ಹೊಸ ಸೈಕಲ್. ಹಬರಣ ದಾಟಿದ ಮೇಲೆ ರಸ್ತೆ ಪಕ್ಕ ಒಂಟಿ ಆನೆ ನಿಂತಿತ್ತು. ಡ್ರೈವರ್ ನಿಧಾನ ಮಾಡಿದ, ಅಷ್ಟೇ. ನೋಡಿ ಅಚ್ಚರಿಪಟ್ಟವರು ನಾವಿಬ್ಬರೇ.

ದಾರಿಯುದ್ದಕ್ಕೂ ಭಾವನಿಗೆ ನಾನು ವ್ಯಾಂಪೈರ್ ಕಥೆ ಓದಿ ಹೇಳಿದೆ.

ಅದು ಹುಟ್ಟಿದ್ದು ಇಂಗ್ಲೆಂಡಿನ ದಕ್ಷಿಣದ ವೈಟ್ ದ್ವೀಪದ ಕೌಸ್‌ನಲ್ಲಿ. 1917ರಲ್ಲಿ, ಮೊದಲನೇ ಮಹಾಯುದ್ಧದ ನಡುವೆ. ಉದ್ದ ಸುಮಾರು 95 ಮೀಟರ್, ಅಗಲ ಬರೀ 9. ಕಾರವಾರದ ಟಾಗೋರ್ ಬೀಚಿನಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ನೋಡಿದವರಿಗೆ ಹೇಳೋದಾದರೆ, ಅಂಥ ಎರಡೂವರೆ ಹಡಗನ್ನು ಸಾಲಾಗಿ ಇಟ್ಟಷ್ಟು ಉದ್ದ. 34 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್ ಓಡುತ್ತಿತ್ತು. ನಾಲ್ಕು ಇಂಚಿನ ನಾಲ್ಕು ಫಿರಂಗಿ, ಜೊತೆಗೆ ಟಾರ್ಪಿಡೊ. ಯುದ್ಧನೌಕೆಗಳಿಗೆ ಇರುವಂಥ ದಪ್ಪ ಉಕ್ಕಿನ ಕವಚ ಇಲ್ಲ. ತೆಳು ತಗಡು. ಓಡಿಯೇ ಬದುಕಬೇಕು.

"ಡೆಸ್ಟ್ರಾಯರ್ ಅಂತ ಹೆಸರು ಕೇಳಿ ಜನ ಅದನ್ನ ಏನೋ ದೈತ್ಯ ಅಂದ್ಕೋತಾರೆ," ಅಂದರು ಭಾವ. "ಅದು ದನದ ಮಂದೆ ಜೊತೆ ಓಡೋ ನಾಯಿ ಇದ್ದ ಹಾಗೆ ಕಣೋ. ಮುಂದೆ ಓಡ್ತದೆ, ಹಿಂದೆ ಬರ್ತದೆ, ಸುತ್ತ ಮೂಸ್ತಾ ಇರ್ತದೆ. ಸಬ್‌ಮರೀನ್ ಬಂದ್ರೆ ಅದೇ ಮೊದಲು ಹೋಗ್ಬೇಕು. ದೊಡ್ಡ ಹಡಗು ಮುಳುಗಿದ್ರೆ ನೀರಲ್ಲಿರೋರನ್ನ ಎತ್ತೋದೂ ಅದರ ಕೆಲಸ."

1933ರಲ್ಲಿ ಬ್ರಿಟನ್ ಐದು ಹಳೆಯ ಡೆಸ್ಟ್ರಾಯರ್‌ಗಳನ್ನು ಆಸ್ಟ್ರೇಲಿಯಾಕ್ಕೆ ಕೊಟ್ಟಿತು. ಸ್ಟುವರ್ಟ್, ವೆಂಡೆಟ್ಟಾ, ವಾಯೇಜರ್, ವಾಟರ್‌ಹೆನ್ ಮತ್ತು ವ್ಯಾಂಪೈರ್. ಎರಡನೇ ಮಹಾಯುದ್ಧ ಶುರುವಾದಾಗ ಐದೂ ಮೆಡಿಟರೇನಿಯನ್‌ಗೆ ಹೋದವು. ಆಗಲೇ ಅವಕ್ಕೆ ಇಪ್ಪತ್ತು ವರ್ಷ ದಾಟಿತ್ತು. ನಾಜಿಗಳ ಪ್ರಚಾರಮಂತ್ರಿ ಗೋಬೆಲ್ಸ್ ಇವುಗಳನ್ನು ಗುಜರಿ ಕಬ್ಬಿಣ ಅಂತ ಹಂಗಿಸಿದ. ಹಡಗಿನವರು ಬೇಸರ ಮಾಡಿಕೊಳ್ಳಲಿಲ್ಲ. ಆ ಹೆಸರನ್ನೇ ಎತ್ತಿಕೊಂಡು ತಮ್ಮ ದಂಡಿಗೆ ಇಟ್ಟುಕೊಂಡರು. ಇವತ್ತಿಗೂ ಆಸ್ಟ್ರೇಲಿಯಾದಲ್ಲಿ ಅದೇ ಹೆಸರಿಂದ ಅವರನ್ನು ನೆನೆಯುತ್ತಾರೆ.

ಆ ಗುಜರಿ ಹಡಗುಗಳು ಮಾಡಿದ ಕೆಲಸ ಒಂದೆರಡಲ್ಲ. ಇಟಲಿಯ ನೌಕಾಪಡೆಯ ಎದುರು ಕಲಾಬ್ರಿಯಾ ಕದನದಲ್ಲಿ ವ್ಯಾಂಪೈರ್ ಇತ್ತು. ಗ್ರೀಸ್ ಕೈಬಿಟ್ಟಾಗ ಅಲ್ಲಿಂದ ಸೈನಿಕರನ್ನು ಹೊತ್ತು ತಂದ ಹಡಗುಗಳಲ್ಲೂ ಇತ್ತು. 1941ರ ಮೇ ಹೊತ್ತಿಗೆ ಇಂಜಿನ್ ಸೋತುಹೋಗಿತ್ತು. ರಿಪೇರಿಗೆ ಅಂತ ಸಿಂಗಾಪುರಕ್ಕೆ ಕಳಿಸಿದರು. ಅದು ಸುಧಾರಿಸಿಕೊಳ್ಳುವ ಹೊತ್ತಿಗೆ ಯುದ್ಧವೇ ಸಿಂಗಾಪುರಕ್ಕೆ ಬಂತು.

ಡಿಸೆಂಬರ್ 10ರಂದು ಮಲಯಾದ ಕ್ವಾಂಟನ್ ಊರಿನ ಎದುರಿನ ಕಡಲಲ್ಲಿ ರಿಪಲ್ಸ್ ಮುಳುಗಿದಾಗ ವ್ಯಾಂಪೈರ್ ಮತ್ತು ಎಲೆಕ್ಟ್ರಾ ನೀರಿಗೆ ಬಲೆ, ಹಗ್ಗ ಇಳಿಬಿಟ್ಟು ಜನರನ್ನು ಎತ್ತಿಕೊಂಡವು. ವ್ಯಾಂಪೈರ್ ಒಂದೇ ಇನ್ನೂರಕ್ಕೂ ಹೆಚ್ಚು ಜನರನ್ನು ಉಳಿಸಿತು. ರಿಪಲ್ಸ್‌ನ ಕ್ಯಾಪ್ಟನ್ ಟೆನೆಂಟ್ ಅವರಲ್ಲೊಬ್ಬರು. ಸ್ವಲ್ಪ ಲೆಕ್ಕ ಹಾಕಿ ನೋಡಿ. ನೂರಕ್ಕಿಂತ ಸ್ವಲ್ಪ ಜಾಸ್ತಿ ಜನ ಇರೋ ಹಡಗು, ತನ್ನವರ ಎರಡರಷ್ಟು ಜನರನ್ನು ಹೊತ್ತುಕೊಂಡು ಬಂತು. ಎಣ್ಣೆ ಮೆತ್ತಿದ ಮೈಗಳು ಡೆಕ್ ತುಂಬ, ಮೆಸ್ ತುಂಬ.

"ಬಾಯ್ಲರ್ ರೂಮಿನ ಮೆಟ್ಟಿಲ ಮೇಲೂ ಕೂರಿಸಿರ್ತಾರೆ," ಅಂದರು ಭಾವ. "ಒದ್ದೆಯಾದವರಿಗೆ ಅಲ್ಲಿ ಬೆಚ್ಚಗಿರ್ತದೆ."

ಮುಂದಿನ ತಿಂಗಳು, 1942ರ ಜನವರಿ 27ರ ನಸುಕಿನಲ್ಲಿ, ಮಲಯಾದ ಎಂಡೌ ಎಂಬಲ್ಲಿ ಜಪಾನೀಯರು ದಡಕ್ಕೆ ಇಳಿಯುತ್ತಿದ್ದಾಗ ವ್ಯಾಂಪೈರ್ ಮತ್ತು ಥಾನೆಟ್ ಎಂಬ ಇನ್ನೊಂದು ಮುದಿ ಡೆಸ್ಟ್ರಾಯರ್ ಕತ್ತಲಲ್ಲಿ ಒಳನುಗ್ಗಿದವು. ವ್ಯಾಂಪೈರ್ ಬಿಟ್ಟ ಟಾರ್ಪಿಡೊಗಳು ಗುರಿ ತಪ್ಪಿದವು. ಥಾನೆಟ್ ಅಲ್ಲೇ ಹೋಯಿತು. ವ್ಯಾಂಪೈರ್ ಹೊಗೆಯ ಪರದೆ ಎಬ್ಬಿಸಿಕೊಂಡು ಅದರ ಮರೆಯಲ್ಲಿ ಪಾರಾಯಿತು. ಎರಡು ತಿಂಗಳಲ್ಲಿ ಎರಡನೇ ಸಲ ಪಕ್ಕದವರು ಮುಳುಗಿ ತಾನು ಉಳಿದಿದ್ದು.

ಏಪ್ರಿಲ್ 7, ತಿರುಕೋಣಮಲೆ

ಬೆಳಿಗ್ಗೆ ಇಡಿಯಪ್ಪ, ಸೊದಿ, ತೆಂಗಿನಕಾಯಿ ಸಂಬೋಲ. ನಮ್ಮ ಒತ್ತು ಶ್ಯಾವಿಗೆಯ ಅಣ್ಣತಮ್ಮ ಇದ್ದ ಹಾಗೆ. ತಿಂದು ಸ್ವಾಮಿ ಬಂಡೆ ಹತ್ತಿದೆವು. ಕೋಟೆಯ ಬಾಗಿಲು ದಾಟಿದರೆ ಚುಕ್ಕೆ ಜಿಂಕೆಗಳು ಮನೆಯ ದನಗಳ ಹಾಗೆ ಓಡಾಡುತ್ತವೆ. ತುದಿಯಲ್ಲಿ ಕೋಣೇಶ್ವರ. ಹಳೆಯ ದೇವಸ್ಥಾನವನ್ನು ಪೋರ್ಚುಗೀಸರು 1620ರ ದಶಕದಲ್ಲಿ ಒಡೆದು ಅದರ ಕಲ್ಲಿನಲ್ಲೇ ಕೋಟೆ ಕಟ್ಟಿದರು. ಈಗಿರುವುದು ಆಮೇಲೆ ಕಟ್ಟಿದ್ದು.

ಬಂಡೆಯ ಅಂಚಿನಲ್ಲಿ ನಿಂತರೆ ಕೆಳಗೆ ನೇರ ಕಡಲು. ನೀಲಿ ಎಷ್ಟು ಗಾಢ ಅಂದರೆ ದಡದ ಪಕ್ಕದಲ್ಲೇ ಎಷ್ಟು ಆಳ ಇದೆ ಅಂತ ಗೊತ್ತಾಗುತ್ತದೆ. ಬಂದರು ಇರುವುದು ಇನ್ನೊಂದು ಬದಿಗೆ, ಗುಡ್ಡಗಳ ಮಡಿಲಲ್ಲಿ. ಜಗತ್ತಿನ ದೊಡ್ಡ ಸಹಜ ಬಂದರುಗಳಲ್ಲಿ ಇದೂ ಒಂದು. ಇಡೀ ನೌಕಾಪಡೆಯನ್ನೇ ಬಚ್ಚಿಡಬಹುದಾದ ಜಾಗ. 1942ರ ಏಪ್ರಿಲ್ 8ರ ರಾತ್ರಿ ಇಲ್ಲಿ ಹರ್ಮಿಸ್ ಮತ್ತು ವ್ಯಾಂಪೈರ್ ನಿಂತಿದ್ದವು. ಜಪಾನಿನ ದಂಡು ಮತ್ತೆ ಬರುತ್ತಿದೆ ಅನ್ನೋ ಸುದ್ದಿ ಬಂತು. ಬಂದರಿನಲ್ಲಿದ್ದರೆ ಟೆನೆಡೋಸ್ ಗತಿಯೇ ಆಗುತ್ತದೆ ಅಂತ ನಡುರಾತ್ರಿ ಕಳೆದ ಮೇಲೆ ಎರಡನ್ನೂ ಹೊರಗೆ ಕಳಿಸಿದರು. ದಡದ ಪಕ್ಕದಲ್ಲೇ ದಕ್ಷಿಣಕ್ಕೆ ಹೋಗಿ ಅಂತ. ಹರ್ಮಿಸ್‌ನ ವಿಮಾನಗಳೆಲ್ಲ ದಡದಲ್ಲೇ ಉಳಿದವು.

ಇದನ್ನು ಕೇಳಿದಾಗ ಭಾವ ಬಹಳ ಹೊತ್ತು ಮಾತಾಡಲಿಲ್ಲ. ವಿಮಾನವಾಹಕ ಅಂತಲೇ ನಕ್ಷೆ ಬರೆದು ಕಟ್ಟೋಕೆ ಶುರು ಮಾಡಿದ ಜಗತ್ತಿನ ಮೊದಲ ಹಡಗು ಆ ಹರ್ಮಿಸ್. ಕೊನೆಯ ದಿನ ಅದರ ಮೇಲೆ ಒಂದು ವಿಮಾನವೂ ಇರಲಿಲ್ಲ. ಕಾಯೋಕೆ ಇದ್ದಿದ್ದು ಇಪ್ಪತ್ತೈದು ವರ್ಷದ ಒಂದೇ ಡೆಸ್ಟ್ರಾಯರ್.

ಮಧ್ಯಾಹ್ನ ಚೀನಾ ಬೇ ಕಡೆ ಎಣ್ಣೆ ಟ್ಯಾಂಕ್‌ಗಳನ್ನು ದೂರದಿಂದ ನೋಡಿದೆವು. ಕಾಡಿನ ನಡುವೆ ತುಕ್ಕು ಹಿಡಿದ ದೊಡ್ಡ ದೊಡ್ಡ ಡಬ್ಬಿಗಳು. ಈಗ 99 ಉಳಿದಿವೆ. ಏಪ್ರಿಲ್ 9ರಂದು ಜಪಾನಿನ ಒಂದು ವಿಮಾನ ಬಂದು ಒಂದು ಟ್ಯಾಂಕಿಗೇ ಅಪ್ಪಳಿಸಿ, ದಿನಗಟ್ಟಲೆ ಬೆಂಕಿ ಉರಿಯಿತು.

ಸಂಜೆ ನಿಲಾವೆಳಿ ರಸ್ತೆಯಲ್ಲಿರುವ ಯುದ್ಧ ಸ್ಮಶಾನಕ್ಕೆ ಹೋದೆವು. ಹಸಿರು ಹುಲ್ಲು, ಸಾಲು ಸಾಲು ಕಲ್ಲುಗಳು, ಪ್ರತಿ ಕಲ್ಲಿನ ಬುಡಕ್ಕೂ ಒಂದು ಹೂವಿನ ಗಿಡ. ನೀರು ಹಾಕುತ್ತಿದ್ದ ಮಾಲಿ ಪೈಪನ್ನು ಪಕ್ಕಕ್ಕಿಟ್ಟು ದಾರಿ ಬಿಟ್ಟ. ಎಷ್ಟೋ ಕಲ್ಲುಗಳಲ್ಲಿ ವಯಸ್ಸು 19, 20, 22. ಭಾವ ಪ್ರತಿ ಸಾಲಿನಲ್ಲೂ ನಡೆದು ಬಂದರು. ಯಾರ ಕಲ್ಲನ್ನೂ ಬಿಡಲಿಲ್ಲ.

ಕಡಲಿನಲ್ಲೇ ಹೋದ ಆಸ್ಟ್ರೇಲಿಯಾದ ನಾವಿಕರ ಹೆಸರುಗಳನ್ನು ಕೆತ್ತಿರುವುದು ಇಂಗ್ಲೆಂಡಿನ ಪ್ಲಿಮತ್ ಊರಿನ ಸ್ಮಾರಕದಲ್ಲಿ. ಹುಟ್ಟಿದ್ದು ಒಂದು ದೇಶ, ಮುಳುಗಿದ್ದು ಇನ್ನೊಂದರ ಕಡಲು, ಹೆಸರು ಮೂರನೆಯದರಲ್ಲಿ. ಅವರ ಅಮ್ಮಂದಿರು ಇದರಲ್ಲಿ ಯಾವುದಕ್ಕೆ ಹೋಗಿ ಹೂವಿಡಬೇಕಿತ್ತು? ಇದು ನನ್ನನ್ನು ಆ ರಾತ್ರಿ ಮಲಗಗೊಡಲಿಲ್ಲ.

ಏಪ್ರಿಲ್ 8, ಮಟ್ಟಕ್ಕಳಪ್ಪಿಗೆ

ಇಂಗ್ಲಿಷಿನಲ್ಲಿ ಬಟ್ಟಿಕಲೋವ. ಮೂತೂರು, ವೆರುಗಲ್, ವಾಕರೈ ದಾಟಿ ಕಡಲ ಬದಿಯಲ್ಲೇ ಬಸ್ಸು ಹೋಗುತ್ತದೆ. ತಾಳೆ ಮರ, ಉಪ್ಪುನೀರಿನ ಹಿನ್ನೀರು, ಮತ್ತೆ ತಾಳೆ ಮರ. ಎಷ್ಟೋ ವರ್ಷ ಒಳಯುದ್ಧ ನಡೆದ ಜಾಗ. 2004ರ ಸುನಾಮಿಯೂ ಇಲ್ಲಿಗೇ ಬಡಿಯಿತು. ಹೊಸ ಮನೆಗಳ ನಡುವೆ ಚಾವಣಿ ಇಲ್ಲದ ಹಳೆ ಗೋಡೆಗಳು ಕಾಣುತ್ತವೆ. ಪಕ್ಕದ ಸೀಟಿನ ಅಜ್ಜಿ ನಮ್ಮ ಹರಕು ತಮಿಳು ಕೇಳಿ, ನಾವು ಎಲ್ಲಿಯವರು ಅಂತ ವಿಚಾರಿಸಿ, ಬಾಳೆಹಣ್ಣು ಕೊಟ್ಟರು. "ಕಡಲು ನೋಡೋಕೆ ಬಂದ್ರಾ? ನಾವು ಅದಕ್ಕೆ ಬೆನ್ನು ಹಾಕಿ ಕೂರ್ತೀವಿ," ಅಂದರು. ಯಾಕೆ ಅಂತ ನಾವು ಕೇಳಲಿಲ್ಲ.

ಆ ಎರಡು ಹಡಗುಗಳೂ ಇದೇ ದಾರಿಯಲ್ಲಿ, ಇದೇ ದಡವನ್ನು ಬಲಕ್ಕೆ ಇಟ್ಟುಕೊಂಡು ಬಂದವು. ಬಸ್ಸಿನ ಎಡ ಕಿಟಕಿಯಲ್ಲಿ ನೀರು ಕಂಡಾಗಲೆಲ್ಲ ಭಾವ ಬಗ್ಗಿ ನೋಡುತ್ತಿದ್ದರು.

ಮಟ್ಟಕ್ಕಳಪ್ಪು ಶಾಂತವಾದ ಊರು. ಊರಿನ ಸುತ್ತ ಹಿನ್ನೀರು, ಅದರ ದಡದಲ್ಲಿ ಡಚ್ಚರ ಕೋಟೆ. ರಾತ್ರಿ ಕಲ್ಲಡಿ ಸೇತುವೆ ಮೇಲೆ ನಿಂತೆವು. ಇಲ್ಲಿ ಮೀನು ಹಾಡುತ್ತವೆ ಅನ್ನೋದು ಊರಿನವರ ನಂಬಿಕೆ. ಹುಣ್ಣಿಮೆಯ ರಾತ್ರಿ ದೋಣಿಯಲ್ಲಿ ಹೋಗಿ, ಹುಟ್ಟನ್ನು ನೀರಿಗೆ ಇಳಿಸಿ ಇನ್ನೊಂದು ತುದಿಗೆ ಕಿವಿ ಇಟ್ಟರೆ ಕೇಳುತ್ತದಂತೆ. ಅವತ್ತು ಹುಣ್ಣಿಮೆ ಇರಲಿಲ್ಲ. ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಬೆಲ್ಲದ ಪಾಕ ಹಾಕಿಕೊಂಡು ತಿಂದು ಮಲಗಿದೆವು.

ಮಲಗೋ ಮುಂಚೆ ಒಬ್ಬ ಮೀನುಗಾರರ ಜೊತೆ ಮಾತಾಡಿ ದೋಣಿ ಗೊತ್ತು ಮಾಡಿದ್ದೆವು. ಐವತ್ತರ ಆಸುಪಾಸಿನ ಗಟ್ಟಿ ಆಳು. ಹರ್ಮಿಸ್ ಅಂದ ಕೂಡಲೇ ಗೊತ್ತಾಯಿತು. "ಅದಾ, ಅಲ್ಲಿ ಪಾರೈ ಮೀನು ಚೆನ್ನಾಗಿ ಸಿಗ್ತದೆ. ಮುಳುಗೋರೂ ಬರ್ತಾರೆ, ಬೆನ್ನಿಗೆ ಸಿಲಿಂಡರ್ ಕಟ್ಕೊಂಡು."

ವ್ಯಾಂಪೈರ್ ಅಂದೆ. ಅವರು ತಲೆ ಅಲ್ಲಾಡಿಸಿದರು. ಆ ಹೆಸರು ಕೇಳಿಲ್ಲ.

ಏಪ್ರಿಲ್ 9, ಕಡಲಲ್ಲಿ

ಬೆಳಿಗ್ಗೆ ಏಳಕ್ಕೆ ಹೊರಟೆವು. ಫೈಬರ್ ದೋಣಿ, ಹಿಂದೆ ಮೋಟಾರು. ಭಾವ ಕೈಚೀಲದಲ್ಲಿ ಒಂದು ತೆಂಗಿನಕಾಯಿ, ಕುಂಕುಮ, ಮಲ್ಲಿಗೆ ತಂದಿದ್ದರು. ಕಾರವಾರದಲ್ಲಿ ನೂಲು ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಡುತ್ತಾರಲ್ಲ, ಹಾಗೆ. ದೋಣಿಯಣ್ಣ ಚೀಲದೊಳಗೆ ನೋಡಿದರು, ಏನೂ ಕೇಳಲಿಲ್ಲ. ದೋಣಿ ಹತ್ತೋ ಮುಂಚೆ ಚಪ್ಪಲಿ ಮಾತ್ರ ಬಿಚ್ಚಿದರು.

ಏಪ್ರಿಲ್‌ನಲ್ಲಿ ಈ ಬದಿಯ ಕಡಲು ಕೆರೆಯ ಹಾಗೆ. ದಡ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಹರ್ಮಿಸ್ ಮಲಗಿರುವುದು ದಡದಿಂದ ಹತ್ತು ಕಿಲೋಮೀಟರ್ ಒಳಗೇ, ಸುಮಾರು 50 ಮೀಟರ್ ಆಳದಲ್ಲಿ. ಜಾಗ ಬಂದಾಗ ಮೋಟಾರು ನಿಲ್ಲಿಸಿದರು. ಮೇಲೆ ಏನೂ ಇಲ್ಲ. ನೀರು ಅಷ್ಟೇ. ದೋಣಿಯ ಬದಿಗೆ ಅಲೆ ತಟ್ಟುವ ಸದ್ದು ಬಿಟ್ಟರೆ ಮೌನ.

ಇಲ್ಲಿ ನಡೆದದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಅವತ್ತು ಬೆಳಿಗ್ಗೆ ತಿರುಕೋಣಮಲೆಯ ಮೇಲೆ ಬಾಂಬು ಬಿದ್ದವು. ದಾಳಿ ಮುಗಿದ ಮೇಲೆ ಎರಡು ಹಡಗುಗಳನ್ನೂ ವಾಪಸ್ ಬರೋಕೆ ಹೇಳಿದರು. ಅಷ್ಟರಲ್ಲಿ, ಒಂಬತ್ತರ ಸುಮಾರಿಗೆ, ಜಪಾನಿನ ಒಂದು ಬೇಹು ವಿಮಾನ ಅವುಗಳನ್ನು ನೋಡಿಬಿಟ್ಟಿತ್ತು. ಎಂಬತ್ತಕ್ಕೂ ಹೆಚ್ಚು ಡೈವ್ ಬಾಂಬರ್‌ಗಳು ಹೊರಟವು. ಹಡಗಿನವರು ರಕ್ಷಣೆಗೆ ವಿಮಾನ ಕಳಿಸಿ ಅಂತ ಕೇಳಿದರು. ಕಳಿಸಿದ ವಿಮಾನಗಳು ಬಂದು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

10:35ಕ್ಕೆ ಶುರುವಾಯಿತು. ಬಿಸಿಲಿನ ಕಡೆಯಿಂದ, ಒಂದರ ಹಿಂದೆ ಒಂದು. ಹರ್ಮಿಸ್ ಇಪ್ಪತ್ತು ನಿಮಿಷದಲ್ಲಿ ಹೋಯಿತು. ಕ್ಯಾಪ್ಟನ್ ಆನ್ಸ್‌ಲೋ ಸೇರಿ 307 ಜನ ಸತ್ತರು. ಆಮೇಲೆ ವಿಮಾನಗಳು ವ್ಯಾಂಪೈರ್ ಕಡೆ ತಿರುಗಿದವು. ಮೊದಲ ಬಾಂಬುಗಳು ಪಕ್ಕದಲ್ಲಿ ಬಿದ್ದವು. ಆಮೇಲಿನದು ಬಾಯ್ಲರ್ ರೂಮಿಗೆ.

ನಾನು ಅಷ್ಟು ಓದಿದಾಗ ಭಾವ ಕೈ ಎತ್ತಿ ನಿಲ್ಲಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತಾಡಿದರು. "ಕೆಳಗೆ ಇರೋನಿಗೆ ಏನೂ ಕಾಣಲ್ಲ. ಹಡಗು ತಿರುಗಿದ್ದು ಕಾಲಿಗೆ ಗೊತ್ತಾಗ್ತದೆ. ಮೇಲೆ ಗನ್ ಹೊಡೆದಿದ್ದು ತಗಡಿಗೆ ಗೊತ್ತಾಗ್ತದೆ. ಪಕ್ಕದಲ್ಲಿ ಬಾಂಬು ಬಿದ್ದರೆ ಯಾರೋ ಹೊರಗಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ. ಅವನ ಕಣ್ಣು ಇರೋದು ಗೇಜಿನ ಮೇಲೆ. ಸ್ಟೀಮ್ ಇಳೀಬಾರದು, ಇಳಿದ್ರೆ ಹಡಗು ನಿಲ್ತದೆ. ಅದೊಂದೇ ಅವನ ಯೋಚನೆ." ವಿರಾಟ್‌ನಲ್ಲಿ ಅವರು ಯುದ್ಧ ನೋಡಿದವರಲ್ಲ. ಆದರೆ ಆ ಗೇಜನ್ನು ನಾಲ್ಕು ವರ್ಷ ನೋಡಿದವರು. ಅವರ ಎಡ ಮೊಣಕೈಯಲ್ಲಿ ಸ್ಟೀಮ್ ಪೈಪ್ ತಾಗಿದ ಕಲೆ ಇದೆ. ಮಾತಾಡುವಾಗ ಅದನ್ನೇ ಸವರುತ್ತಿದ್ದರು.

ಬಾಯ್ಲರ್ ಹೋದ ಮೇಲೆ ವ್ಯಾಂಪೈರ್ ನಿಂತುಬಿಟ್ಟಿತು. ನಿಂತ ಡೆಸ್ಟ್ರಾಯರ್ ಸುಲಭದ ಗುರಿ. ಇನ್ನೂ ಬಾಂಬುಗಳು ಬಿದ್ದವು. ಹಡಗು ಬಿಡಿ ಅಂತ ಕಮಾಂಡರ್ ಮೊರಾನ್ ಆಜ್ಞೆ ಕೊಟ್ಟರು. ನಡು ಮುರಿದು ಎರಡು ತುಂಡಾಯಿತು. ಮೊದಲು ಮೂತಿ ಮುಳುಗಿತು, ಆಮೇಲೆ ಹಿಂಭಾಗ. ಮೊರಾನ್ ಅವರನ್ನು ಜನ ಕೊನೆಗೆ ನೋಡಿದ್ದು ಬ್ರಿಜ್ಜಿನ ಮೇಲೆ, ಹಡಗು ನಡೆಸೋ ಜಾಗದಲ್ಲಿ. ಅವರು ಬದುಕಲಿಲ್ಲ. ಆದರೆ ಆಜ್ಞೆ ಹೊತ್ತಿಗೆ ಸರಿಯಾಗಿ ಬಂತು. ಆ ಹಡಗಿನಲ್ಲಿ ಸತ್ತವರು ಹತ್ತಕ್ಕಿಂತ ಕಡಿಮೆ. ಉಳಿದ ನೂರಕ್ಕೂ ಹೆಚ್ಚು ಜನ ನೀರಿನಲ್ಲಿ ಬದುಕಿದ್ದರು. ಆ ಕಮಾಂಡರ್‌ಗೆ ನಾನು ಕೈ ಮುಗಿಯುತ್ತೇನೆ.

ಇನ್ನು ಹೇಳುವುದು, ಈ ಇಡೀ ಕಥೆಯಲ್ಲಿ ನನ್ನನ್ನು ಬಿಡದೆ ಹಿಡಿದಿಟ್ಟುಕೊಂಡ ವಿಷಯ. ಆ ದಿನ ಅಲ್ಲಿಗೆ ಒಂದು ಆಸ್ಪತ್ರೆ ಹಡಗು ಬಂತು. ಹೆಸರು ವಿಟಾ. ಇಟಲಿಯ ಹಡಗು, ಬ್ರಿಟಿಷರು ಹಿಡಿದು ಆಸ್ಪತ್ರೆ ಮಾಡಿಕೊಂಡಿದ್ದರು. ಇಟಲಿಯ ಭಾಷೆಯಲ್ಲಿ ವಿಟಾ ಅಂದರೆ ಜೀವ. ಜಪಾನೀಯರು ಅದನ್ನು ಮುಟ್ಟಲಿಲ್ಲ. ಅದು ನೀರಿನಿಂದ ಸುಮಾರು 600 ಜನರನ್ನು ಎತ್ತಿ ಕೊಲಂಬೊಗೆ ಕರೆದುಕೊಂಡು ಹೋಯಿತು. ಇನ್ನು ಕೆಲವರನ್ನು ಸ್ಥಳೀಯ ದೋಣಿಗಳು ಎತ್ತಿಕೊಂಡವು. ಗಟ್ಟಿ ಈಜುಗಾರರು ಕೆಲವರು ದಡಕ್ಕೇ ಈಜಿದರು.

ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಂದೆ, 1941ರ ಏಪ್ರಿಲ್‌ನಲ್ಲಿ, ಇದೇ ವಿಟಾ ಗಾಯಾಳುಗಳನ್ನು ತುಂಬಿಕೊಂಡು ಲಿಬಿಯಾದ ಟೊಬ್ರುಕ್‌ನಿಂದ ಹೊರಟಿತ್ತು. ಜರ್ಮನ್ ವಿಮಾನಗಳು ಅದನ್ನು ಹೊಡೆದವು. ಹಡಗು ಸೋತು ನಿಂತಾಗ ಪಕ್ಕಕ್ಕೆ ಬಂದು ಅದರ ಗಾಯಾಳುಗಳನ್ನೂ ವೈದ್ಯರನ್ನೂ ಇಳಿಸಿಕೊಂಡಿದ್ದು ವಾಟರ್‌ಹೆನ್. ಹೌದು, ಗುಜರಿ ದಂಡಿನ ಅದೇ ವಾಟರ್‌ಹೆನ್, ವ್ಯಾಂಪೈರ್‌ನ ಜೊತೆಗಾರ. ಎರಡೂವರೆ ತಿಂಗಳಲ್ಲಿ ವಾಟರ್‌ಹೆನ್ ತಾನೇ ಮುಳುಗಿತು. ವಿಟಾ ಬದುಕಿ, ಈ ಕಡಲಿಗೆ ಬಂದು, ಅದರ ಜೊತೆಗಾರನ ಹುಡುಗರನ್ನು ನೀರಿನಿಂದ ಎತ್ತಿತು.

ಇದನ್ನು ದೋಣಿಯಣ್ಣನಿಗೆ ಹರಕು ತಮಿಳಿನಲ್ಲಿ ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಕಡಲಲ್ಲಿ ಹಾಗೇ," ಅಂದರು. "2004ರಲ್ಲಿ ನನ್ನನ್ನ ಎತ್ತಿದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ."

10:35 ಆಯಿತು. ಭಾವ ಎದ್ದು ನಿಂತರು. ದೋಣಿ ಸ್ವಲ್ಪವೂ ವಾಲಲಿಲ್ಲ, ಅಷ್ಟು ಹದವಾಗಿ ಕಾಲಿಟ್ಟರು. ಕಾಯಿಗೆ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ನೀರಿಗೆ ಬಿಟ್ಟರು. ಮಲ್ಲಿಗೆಯನ್ನು ಎರಡು ಪಾಲು ಮಾಡಿ ಒಂದನ್ನು ಅಲ್ಲೇ ಬಿಟ್ಟರು. ಇನ್ನೊಂದನ್ನು ಕೈಯಲ್ಲಿ ಹಿಡಿದು, "ಆ ಇನ್ನೊಂದು ಎಲ್ಲಿ?" ಅಂತ ದೋಣಿಯಣ್ಣನನ್ನು ಕೇಳಿದರು. ಅವರು ನನ್ನ ಮುಖ ನೋಡಿದರು. ನಾನು ಸುಮ್ನೆ ಸುತ್ತಲಿನ ನೀರಿನ ಕಡೆ ಕೈ ತೋರಿಸಿದೆ.

ದೋಣಿಯಣ್ಣ ಮೋಟಾರು ಹಾಕಿ ದೊಡ್ಡದೊಂದು ಸುತ್ತು ಹೊಡೆದರು. ಭಾವ ಆ ಸುತ್ತಿನುದ್ದಕ್ಕೂ ಒಂದೊಂದೇ ಹೂವು ಬಿಡುತ್ತಾ ಬಂದರು. ಡೆಸ್ಟ್ರಾಯರ್ ದೊಡ್ಡ ಹಡಗಿನ ಸುತ್ತ ತಿರುಗುತ್ತಿದ್ದ ಹಾಗೆ.

ದಡಕ್ಕೆ ಬಂದ ಮೇಲೆ ಅವರ ಮನೆಗೆ ಕರೆದರು. ಅವರ ಹೆಂಡತಿ ಶುಂಠಿ ಹಾಕಿದ ಕರಿ ಚಹಾ ಕೊಟ್ಟರು, ಅಂಗೈ ಮೇಲೆ ಒಂದೊಂದು ಬೆಲ್ಲದ ತುಂಡು. ದೋಣಿಯಣ್ಣ ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದು, ಅಂಚೆಲ್ಲ ಉಪ್ಪುನೀರಿಗೆ ಉಬ್ಬಿಹೋಗಿತ್ತು. ಮೀನು ಸಿಗುವ ಜಾಗಗಳ ಲೆಕ್ಕ ಅದು. ಪ್ರತಿ ಸಾಲಿನಲ್ಲೂ ತಮಿಳಿನಲ್ಲಿ ಒಂದು ಹೆಸರು, ಪಕ್ಕದಲ್ಲಿ ಜಿಪಿಎಸ್ ನಂಬರು. ಬಂಡೆ, ಹೊಂಡ, ಮಾವನ ಜಾಗ, ಹರ್ಮಿಸ್.

"ಅದರ ಹೆಸರು ಇನ್ನೊಂದ್ಸಲ ಹೇಳಿ ತಂಬಿ," ಅಂದರು.

ಹೇಳಿದೆ. ಅರ್ಥ ಏನು ಅಂದರು. ರಕ್ತ ಹೀರುವ ಪಿಶಾಚಿ ಅನ್ನೋದನ್ನು ಹೇಗೋ ತಿಳಿಸಿದೆ. "ರತ್ತಕಾಟೇರಿ," ಅಂದರು ಅವರ ಹೆಂಡತಿ ಬಾಗಿಲಿನಿಂದ. ದೋಣಿಯಣ್ಣ ಪೆನ್ನು ಹಿಡಿದು ಯೋಚಿಸಿದರು. "ಬೇಡ. ಅಷ್ಟು ಜನರನ್ನ ಎತ್ತಿದ ಹಡಗಿಗೆ ಅದು ಬೇಡ. ಅವರು ಕರೆದ ಹೆಸರೇ ಬರೀತೀನಿ."

ಹರ್ಮಿಸ್‌ನ ಕೆಳಗೆ ಒಂದೊಂದೇ ಅಕ್ಷರ ಕೇಳಿಕೊಂಡು ವ್ಯಾಂಪೈರ್ ಅಂತ ತಮಿಳಿನಲ್ಲಿ ಬರೆದರು. ಪಕ್ಕದಲ್ಲಿ ನಂಬರಿನ ಜಾಗ ಖಾಲಿ ಬಿಟ್ಟರು.